ಎರಿಮಣ್ಣಿನ ಕಾಲು

ಬೆಟಗೇರಿ ಪ್ರೆಸ್ಸಿನ್ಯಾಗ ನನ್ನ ಕೆಲಸ
ಅಚ್ಚಾದ ಮ್ಯಾಲೆ ಮೊಳಿ ಬಿಚ್ಚಿ
ಒಂದೊಂದನ್ನೂ ಅದರದರ ಮನಿಗೆ ಮುಟ್ಟಿಸೋದು.
ದಿನಕ್ಕ ಎರಡು ರೂಪಾಯಿ, ಮಧ್ಯಾಹ್ನ ಅರ್ಧ ಕಪ್ ಚಾ.
ಸೀಸದ ವಾಸನಿ ಬೆರಳಿಗೆ ಹತ್ತಿದ್ದು
ಬೂದಿ ಹಚ್ಚಿ ತಿಕ್ಕಿದರೂ ಹೋಗ್ತಿದ್ದಿಲ್ಲ.
ಬೆಲ್ಲ ತಿಂದರ ಸೀಸ ಇಳೀತದ ಅಂತ
ಮಾಲಕರು ಶನಿವಾರಕ್ಕೊಂದು ತುಂಡು ಕೊಡತಿದ್ದರು,
ಅಚ್ಚಿನವರಿಗೆ ಅಚ್ಚುಬೆಲ್ಲ.

ಕಿಡಕಿ ಬಾಜೂಕಿನ ಮೂರನೇ ಕೇಸು
ಯಾರೂ ಬಾಳ ಮುಟ್ಟದ್ದು.
ಇಂಗ್ಲಿಷ್ ಮೊಳಿ. ಎಲ್ಲಾ ಒಂದೇ ಕಡೆ ವಾಲಿದಾವು,
ಅಡಿಗೆ ಮಾತ್ರ ದಪ್ಪ ಚೌಕ ಪಾದ.
ಹೆಸರಿನ ಚೀಟಿ ಇಲಿ ತಿಂದಿತ್ತು.
ಕಂಪೋಜಿಟರ್ ಖಾದರಸಾಬ ಅವಕ್ಕ ಇಟ್ಟ ಹೆಸರು
'ಎರಿ ಹೊಲದವ್ರು.'

ಯಾಕ ಕಾಕಾ, ಅಂದೆ.
ತಂಬಾಕು ದವಡಿಗೆ ದೂಡಿ ಹೇಳಿದ:
"ಮಳಿ ಆದ ಮರುದಿನ ಎರಿಯಾಗ ನಡದೀಯೇನ?
ಹೆಜ್ಜಿಗೊಂದು ಸೇರು ಮಣ್ಣು ಅಂಗಾಲಿಗೆ.
ನೆಟ್ಟಗ ನಿಂತರ ಹುಗದು ಹೋಗ್ತಿ.
ಮುಂದಕ್ಕ ಬಾಗಬೇಕು.
ಈ ಎಚ್ ನೋಡು, ನಮ್ಮ ದೊಡ್ಡಪ್ಪ ಥೇಟ್ ಹಿಂಗ,
ಹೆಗಲ ಮ್ಯಾಲೆ ರೆಂಟಿ ಇತ್ತು ಅಷ್ಟ."

ಅವುಗಳ ಕೆಲಸ ಒಂದೇ, ಕೂಗೋದು.
ಹತ್ತಿ ದಲಾಲರ ದರಪಟ್ಟಿಯ ತಲಿಸಾಲು,
ಲಾರಿ ಆಫೀಸಿನ ರಸೀದಿಯೊಳಗ 'ಅರ್ಜೆಂಟ್',
ಬೀಜದ ಚೀಲದ ಮ್ಯಾಲೆ ಕಂಪನಿ ಹೆಸರು.
ಒಮ್ಮೆ ಒಬ್ಬ ವಕೀಲ ಹಟ ಹಿಡಿದು
ಇಡೀ ನೋಟೀಸು ಅದರಾಗೇ ಮಾಡಿಸಿದ.
ಪ್ರೂಫ್ ನೋಡಿ ಮಾಲಕರು ಚಸಮಾ ತೆಗೆದಿಟ್ಟರು:
"ಊರಿಗೆ ಊರೇ ಒಂದೇ ಬಸ್ಸು ಹಿಡಿಯಾಕ ಓಡಿದಂಗಾತಲ್ಲೋ."

ಅಕ್ಷರ ವಾಲಿದರೂ ಸೀಸದ ಮೈ ನೆಟ್ಟಗ.
ಹಂಗಾಗಿ ಎಫ್‌ನ ಬಾಲ ಮೈ ಬಿಟ್ಟು ಹೊರಗ ಚಾಚಿ
ಚಾಪು ಬಿದ್ದಾಗ ಟಕ್ ಅಂತ ಮುರೀತಿತ್ತು.
ಮುರಿದ ಬಾಲ ಕಡ್ಡಿಪೆಟ್ಟಿಗ್ಯಾಗ ಕೂಡಿಟ್ಟಿದ್ದೆ,
ಯಾಕಂತ ಗೊತ್ತಿಲ್ಲ.

ಲಕ್ಷ್ಮೇಶ್ವರದಿಂದ ಕುಸ್ತಿ ಕಮಿಟಿಯವರು ಬಂದರು.
ಪೋಸ್ಟರಿಗೆ ಅವೇ ಓಡೋ ಅಕ್ಷರ ಬೇಕು,
ಆದರ ಕನ್ನಡದಾಗ.

ಬಡಿಗೇರ ಮೌನೇಶಪ್ಪ ಸಾಗವಾನಿ ಹಲಗಿ ತಂದು ಕುಂತ.
ಪಾದ ಎಲ್ಲಿ ಇಡೂದು?
ನಮ್ಮ ಅಕ್ಷರಕ್ಕ ತಲಿಕಟ್ಟು ಅದ, ಹೊಟ್ಟಿ ಅದ, ಕಾಲೇ ಇಲ್ಲ.
'ರ'ಕ್ಕ ಪಾದ ಕೊಟ್ಟರ ಒಲಿಗುಂಡಿನ ಮ್ಯಾಲಿನ ಗಡಿಗಿ.
'ತ' ಅಂತೂ ಬಸುರಿ ಬೂಟು ಹಾಕ್ಕೊಂಡಂಗ.
ಖಾದರಸಾಬ ನಕ್ಕೂ ನಕ್ಕೂ ಸ್ಟಿಕ್ ಕೈಜಾರಿ
ಕಟ್ಟಿದ ಹನ್ನೊಂದು ಸಾಲು ನೆಲದಾಗ.
(ಆರಿಸಿದ್ದು ನಾನು.)

ಎಂಟನೇ ದಿನ ಮೌನೇಶಪ್ಪ
ತಲಿಕಟ್ಟನ್ನೇ ಚೌಕ ಕೆತ್ತಿಕೊಂಡು ಬಂದ, ಬೆರಳುದಪ್ಪ.
"ರಾಡ್ಯಾಗ ಚಪ್ಪಲಿ ಕಾಲಾಗಿರತಾವೇನು?
ತಲೀ ಮ್ಯಾಲೆ ಹೊತ್ಕೊಂಡು ನಡೀತೀವಿ."

ಮುಳಗುಂದ ನಾಕಾದ ಗೋಡಿಗೆ
'ಕುಸ್ತಿ' ಅಂತ ಹಚ್ಚಿದಾಗ
ಚಾ ಕುಡಿಯೋರು ಕಪ್ ಹಿಡಕೊಂಡು ಎದ್ದು ಬಂದರು.
ಆಡೋ ದಿನ ಮಳಿ ಹೊಡೆದು ಕುಸ್ತಿ ನಿಂತಿತು.
ಪೋಸ್ಟರ್ ಇದ್ದವು ಇನ್ನೊಂದು ತಿಂಗಳು.

ಆಫ್‌ಸೆಟ್ ಬಂತು. ಸೀಸ ಕಿಲೋ ಲೆಕ್ಕದಾಗ
ಬ್ಯಾಟರಿಯವನ ಗಾಡಿಗೆ ಹೋತು.
ಎರಿ ಹೊಲದವ್ರು ಒಂದು ಎಣ್ಣಿ ಡಬ್ಬಿ ತುಂಬ,
ನಾನೇ ಸುರುವಿದೆ.
ಕಟ್ಟಿಗಿ ಅಕ್ಷರ ಮೌನೇಶಪ್ಪನ ಮನ್ಯಾಗ
ಬಚ್ಚಲ ಒಲಿಗೆ.
ಒಂದು 'ಕು' ಬೇಡಿ ತಂದೆ.
ಹೊಲಿಗಿ ಮಶೀನಿನ ಗಿಡ್ಡ ಕಾಲಿನ ಬುಡಕ ಅದ.

ಅಚ್ಚಿನ ಅಕ್ಷರ ಉಲ್ಟಾ ಅಲ್ಲೇನು,
ಹಾಳಿ ಮ್ಯಾಲೆ ಬಲಕ್ಕ ಹೊಂಟದ್ದು
ನನ್ನ ಕೈಯಾಗ ಎಡಕ್ಕ ಬಾಗಿರತಿತ್ತು.
ಎಲ್ಲಾರೂ ಹೋಗೂದನ್ನ ನೋಡಿದರು,
ನಾ ನೋಡಿದ್ದು ಹೊಲದಿಂದ ತಿರುಗಿ ಬರೂದನ್ನ.

ಮೊನ್ನೆ ಮಶೀನು ಸರಿಸಿ ಕಸಾ ಹೊಡಿವಾಗ
'ಕು' ಒರಸಿ ತೊಳೆದು
ಜ್ವಾಳದ ಹಿಟ್ಟಿನ ಉಂಡಿ ಮ್ಯಾಲೆ ಒತ್ತಿದೆ.
ಸುಲ್ಟಾ ಬಂತು, ದಪ್ಪ ತಲಿ, ಬಲಕ್ಕ ಬಾಗಿ,
ಅಂಚಿಗೆ ಹಳೇ ಮಸಿಯ ಸಣ್ಣ ಗೆರಿ.
ಅಷ್ಟು ಹಿಟ್ಟು ಚಿವುಟಿ ತೆಗೆದೆ.
ಹೆಂಚು ಕಾದಿತ್ತು.
ರೊಟ್ಟಿ ಬಡಿದೆ,
ಹರಡಿ ಹರಡಿ ಹೋತು.